ಚಂದ್ರನ ಮಣ್ಣಿಗೆ ಬ್ಯಾಕ್ಟೀರಿಯಾದ ಗಾರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ ಇಟ್ಟಿಗೆ ತಯಾರಿಸಿದ್ದಾರೆ ಎಂಬ ಸುದ್ದಿಯನ್ನು 2020ರಲ್ಲಿ ನಿಮ್ಮಲ್ಲಿ ಹಲವರು ಓದಿರಬಹುದು. ಪ್ರಯೋಗಾಲಯದ ಸುದ್ದಿ ನಮ್ಮವರೆಗೆ ಬರುವಾಗ ಕೊನೆಯ ಫಲವೊಂದೇ ಉಳಿದು, ನಡುವಿನ ಅಡ್ಡಿಗಳೆಲ್ಲ ಕಳಚಿಹೋಗಿರುತ್ತವೆ. ನನಗಾದರೋ ಆ ಇಟ್ಟಿಗೆಗಿಂತ ಅದಕ್ಕೆ ಎದುರಾದ, ಇನ್ನೂ ಎದುರಾಗುತ್ತಿರುವ ಅಡ್ಡಿಗಳೇ ಹೆಚ್ಚು ಸ್ವಾರಸ್ಯಕರವಾಗಿ ತೋರುತ್ತವೆ. ಇಂದಿನ ಮಾತು ಅವುಗಳ ಕುರಿತು.

ಚಂದ್ರನ ಮೇಲೆ ಮನುಷ್ಯರು ನೆಲೆಯೂರಬೇಕಾದರೆ ವಸತಿ ಬೇಕು. ಆದರೆ ಒಂದೊಂದು ಕಿಲೋ ಭಾರವನ್ನು ಅಲ್ಲಿಗೆ ಸಾಗಿಸುವುದಕ್ಕೂ ಲಕ್ಷಗಟ್ಟಲೆ ರೂಪಾಯಿ ತಗಲುವುದರಿಂದ ಸಿಮೆಂಟು, ಇಟ್ಟಿಗೆಗಳನ್ನು ಇಲ್ಲಿಂದ ಹೊತ್ತೊಯ್ಯುವ ಮಾತೇ ಇಲ್ಲ. ಅಲ್ಲಿಯ ಮಣ್ಣನ್ನೇ ಬಳಸಬೇಕು. ಪ್ರಯೋಗ ನಡೆಸಲು ನಿಜವಾದ ಚಾಂದ್ರ ಮಣ್ಣು ಸಾಕಷ್ಟು ಸಿಗುವುದಿಲ್ಲ. ಅಪೊಲೊ ಯಾತ್ರಿಗಳು ಆರು ಬಾರಿ ಇಳಿದು ತಂದ ಕಲ್ಲುಮಣ್ಣು ಒಟ್ಟು 382 ಕಿಲೋ ಮಾತ್ರ. ಹಾಗಾಗಿ ಜಗತ್ತಿನೆಲ್ಲೆಡೆ ವಿಜ್ಞಾನಿಗಳು ಅದನ್ನು ಹೋಲುವ ಮಣ್ಣನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತಾರೆ. ನಮ್ಮ ಇಸ್ರೋ ಕೂಡ ಚಂದ್ರಯಾನ-2ರ ಪರೀಕ್ಷೆಗಳಿಗಾಗಿ ತಮಿಳುನಾಡಿನ ಸೇಲಂ ಕಡೆಯ ಸಿತ್ತಂಪೂಂಡಿಯ ಅನಾರ್ಥೋಸೈಟ್ ಕಲ್ಲನ್ನು ಪುಡಿಮಾಡಿ ಇಂಥ ಮಣ್ಣನ್ನು ತಯಾರಿಸಿತ್ತು.

ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕರಾದ ಅಲೋಕ್ ಕುಮಾರ್ ಮತ್ತು ಕೌಶಿಕ್ ವಿಶ್ವನಾಥನ್ ಅವರ ತಂಡ, ಇಸ್ರೋ ವಿಜ್ಞಾನಿಗಳ ಜೊತೆಗೂಡಿ ಈ ಕೆಲಸಕ್ಕೆ ಕೈಹಾಕಿತು. ಪುಡಿಯನ್ನು ಬಂಧಿಸಲು ಅವರು ಆರಿಸಿಕೊಂಡದ್ದು ಸ್ಪೋರೋಸಾರ್ಸಿನಾ ಪಾಶ್ಚುರಿ ಎಂಬ ಮಣ್ಣಿನ ಬ್ಯಾಕ್ಟೀರಿಯಾವನ್ನು. ಯಂತ್ರವಿಜ್ಞಾನ ಓದಿದವರ ಕೈಗೆ ಸೂಕ್ಷ್ಮಜೀವಿ ಸಿಕ್ಕಿದ್ದು ತಮಾಷೆಯಾಗಿ ಕಂಡರೂ, ಇಂದು ವಿಭಾಗಗಳ ನಡುವಿನ ಗೋಡೆ ತೆಳುವಾದ ಕಡೆಯಲ್ಲೇ ಹೊಸ ಕೆಲಸ ನಡೆಯುತ್ತಿದೆ. ಈ ಬ್ಯಾಕ್ಟೀರಿಯಾ ಯೂರಿಯೆಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆಯುತ್ತದೆ. ಆಗ ಅಮೋನಿಯಾ ಮತ್ತು ಕಾರ್ಬೊನೇಟ್ ಹುಟ್ಟುತ್ತವೆ. ಕಾರ್ಬೊನೇಟ್ ಸುತ್ತಲಿನ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳುಗಳಾಗಿ ಕಣಕಣದ ನಡುವೆ ಕೂರುತ್ತದೆ, ಪುಡಿ ಗಟ್ಟಿಯಾಗುತ್ತದೆ. ಮೂತ್ರದಲ್ಲಿ ಯೂರಿಯಾ ಇರುವುದರಿಂದ ಗಗನಯಾತ್ರಿಗಳೇ ಅದನ್ನು ಒದಗಿಸಬಹುದು ಎಂಬ ಯೋಚನೆಯೂ ಇದೆ. ಕೇಳಲು ಮುಜುಗರ ಎನಿಸಿದರೂ ಲೆಕ್ಕಾಚಾರವಾಗಿ ಅದು ಸರಿಯಾದದ್ದೇ.

ಬಲ ಸಾಲದಿದ್ದಾಗ ನೆರವಿಗೆ ಬಂದದ್ದು ಗೋರಿಕಾಯಿ. ಉತ್ತರ ಕರ್ನಾಟಕದವರಿಗೆ ಚವಳಿಕಾಯಿ. ಅದರ ಬೀಜದಿಂದ ತೆಗೆಯುವ ಗೋಂದನ್ನು ಬೆರೆಸಿದಾಗ ಇಟ್ಟಿಗೆಯ ಬಲ ಹೆಚ್ಚಿತು. ಹಳೆಯ ಕಾಲದ ಗಾರೆಯವರು ಸುಣ್ಣಕ್ಕೆ ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸುತ್ತಿದ್ದ ಪದ್ಧತಿಗೆ ಇದು ಹತ್ತಿರದ ನೆಂಟ. ಸುಣ್ಣದ ಗಾರೆಯೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕೊನೆಗೆ ಕ್ಯಾಲ್ಸಿಯಂ ಕಾರ್ಬೊನೇಟೇ ಆಗುತ್ತದೆ. ಹೀಗೆ ಸಿದ್ಧವಾದ ಗಟ್ಟಿಯನ್ನು ಲೇತ್ ಯಂತ್ರದಲ್ಲಿ ಕಡೆದು ಬೇಕಾದ ಆಕಾರ ಕೊಡಲೂ ಬರುತ್ತದೆ.

ಮುಂದೆ ತಂಡವು ಮಂಗಳ ಗ್ರಹದ ಮಣ್ಣನ್ನು ಹೋಲುವ ಪುಡಿಯನ್ನು ಕೈಗೆತ್ತಿಕೊಂಡಾಗ ಇದೇ ವಿಧಾನ ಕೈಕೊಟ್ಟಿತು. ಆ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೇರಳವಾಗಿದ್ದು, ಅದು ಬ್ಯಾಕ್ಟೀರಿಯಾಕ್ಕೆ ವಿಷವಾಗುತ್ತದೆ. ಆರಂಭದಲ್ಲಿ ಅವು ಬೆಳೆಯಲೇ ಇಲ್ಲ. ನಿಕಲ್ ಕ್ಲೋರೈಡ್ ಸೇರಿಸಿದ ಮೇಲೆ ಮಣ್ಣು ಅವುಗಳಿಗೆ ಒಗ್ಗಿತು. ಯೂರಿಯೆಸ್ ಕಿಣ್ವದ ತಿರುಳಿನಲ್ಲೇ ನಿಕಲ್ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು. ಎಲ್ಲವನ್ನೂ ಹಿಟ್ಟಿನ ಹದಕ್ಕೆ ಕಲಸಿ ಅಚ್ಚಿಗೆ ಸುರಿದು ಕೆಲವು ದಿನ ಬಿಟ್ಟರೆ ಇಟ್ಟಿಗೆ ಕೈಸೇರುವ ಈ ಕ್ರಮ 2022ರಲ್ಲಿ ಪ್ರಕಟವಾಯಿತು.

2025ರಲ್ಲಿ ಅದೇ ಪ್ರಯೋಗಾಲಯದಿಂದ ಬಂದ ವರದಿಯ ದಿಕ್ಕು ಬೇರೆ. ಚಾಂದ್ರ ಮಣ್ಣನ್ನು ಅತಿ ಹೆಚ್ಚು ಶಾಖದಲ್ಲಿ ಬೇಯಿಸಿದರೆ ಬ್ಯಾಕ್ಟೀರಿಯಾದ ಇಟ್ಟಿಗೆಗಿಂತ ಬಹಳ ಬಲವಾದ ಇಟ್ಟಿಗೆ ದೊರೆಯುತ್ತದೆ, ಆದರೆ ಅದು ಪೆಡಸು, ಸುಲಭವಾಗಿ ಒಡೆಯುತ್ತದೆ. ಚಂದ್ರನ ನೆಲದ ಉಷ್ಣತೆ ಹಗಲು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿ, ರಾತ್ರಿ ಸೊನ್ನೆಗಿಂತ ನೂರಾರು ಡಿಗ್ರಿ ಕೆಳಗಿಳಿಯುವುದರಿಂದ ಅಂಥ ಇಟ್ಟಿಗೆ ಬಿರುಕು ಬಿಡುವ ಸಂಭವ ಹೆಚ್ಚು. ಸಂಶೋಧಕರು ಬೇಯಿಸಿದ ಇಟ್ಟಿಗೆಗಳಲ್ಲಿ ಬೇಕೆಂದೇ ತೂತು, ಸೀಳುಗಳನ್ನು ಮಾಡಿ, ಅವುಗಳಿಗೆ ಬ್ಯಾಕ್ಟೀರಿಯಾ, ಗೋರಿಕಾಯಿಯ ಗೋಂದು ಮತ್ತು ಮಣ್ಣಿನ ಕಲಸನ್ನು ತುಂಬಿದರು. ಕೆಲವು ದಿನಗಳಲ್ಲಿ ಬಿರುಕು ಬೆಸೆದುಕೊಂಡು, ಕಳೆದುಹೋಗಿದ್ದ ಬಲದ ಒಂದು ಪಾಲು ಮರಳಿತು. ಇಟ್ಟಿಗೆಯನ್ನೇ ಹೆಣೆಯಬೇಕಾಗಿದ್ದ ಬ್ಯಾಕ್ಟೀರಿಯಾಕ್ಕೆ ರಿಪೇರಿಯ ಕೆಲಸ ವಹಿಸಿದ ಈ ತಿರುವು, ನನ್ನ ಎಣಿಕೆಯಲ್ಲಿ, ಇಡೀ ಯೋಜನೆಯ ಅತ್ಯಂತ ವಿವೇಕದ ಹೆಜ್ಜೆ.

ಇಷ್ಟಾದರೂ ಇದೆಲ್ಲವೂ ಭೂಮಿಯ ಗುರುತ್ವದಲ್ಲಿ, ಧಾರಾಳ ನೀರಿನ ಜೊತೆ ನಡೆದ ಕೆಲಸ ಎಂಬುದನ್ನು ಮರೆಯಬಾರದು. ಚಂದ್ರನ ಗುರುತ್ವ ನಮ್ಮದರ ಆರನೇ ಒಂದು ಭಾಗ, ಅಲ್ಲಿ ಗಾಳಿಯಿಲ್ಲ, ತೆರೆದಿಟ್ಟ ನೀರು ನಿಲ್ಲುವುದಿಲ್ಲ. ಮಂಗಳನ ಮಣ್ಣಿನಲ್ಲಾದರೆ ಪರ್ಕ್ಲೋರೇಟ್ ಎಂಬ ವಿಷಲವಣವೂ ಇದೆ. ಬ್ಯಾಕ್ಟೀರಿಯಾ ಬಾಹ್ಯಾಕಾಶದಲ್ಲಿ ಹೇಗೆ ವರ್ತಿಸುತ್ತದೆಂದು ತಿಳಿಯಲು ಗಗನಯಾನದ ಹಾರಾಟವೊಂದರಲ್ಲಿ ಅದರ ಮಾದರಿಯನ್ನು ಕಳುಹಿಸುವ ಉದ್ದೇಶವನ್ನು ತಂಡವು ತಿಳಿಸಿದೆ.

ಚಂದ್ರನಿಗೂ ಮೊದಲೇ ಈ ವಿದ್ಯೆ ನೆಲದ ಮೇಲೆ ಬಳಕೆಗೆ ಬರಬಹುದು ಎಂಬುದು ನನ್ನ ಅನಿಸಿಕೆ. ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್ ವಿಶ್ವವಿದ್ಯಾಲಯದಲ್ಲಿ ಹೆಂಕ್ ಯೋಂಕರ್ಸ್ ಅವರು ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಕಾಂಕ್ರೀಟನ್ನು ಬೇರೆ ಬ್ಯಾಕ್ಟೀರಿಯಾಗಳಿಂದ ಈಗಾಗಲೇ ರೂಪಿಸಿದ್ದಾರೆ. ಗೂಡಿನಲ್ಲಿ ಸುಡದ ಇಟ್ಟಿಗೆಗೆ ಸೌದೆಯೂ ಬೇಡ, ಕಲ್ಲಿದ್ದಲೂ ಬೇಡ. ಆದರೆ ಯೂರಿಯಾ ಒಡೆದಾಗ ಹೊರಬರುವ ಅಮೋನಿಯಾವನ್ನು ಹಾಗೆಯೇ ಬಿಟ್ಟರೆ ನೀರು, ಗಾಳಿ ಎರಡೂ ಕೆಡುತ್ತವೆ. ಅದನ್ನು ಹಿಡಿದಿಡುವ ಅಗ್ಗದ ಉಪಾಯ ಕೈಗೂಡದೆ ಇಟ್ಟಿಗೆಯ ಗೂಡುಗಳು ಈ ವಿಧಾನಕ್ಕೆ ಬದಲಾಗಲಾರವು.