ನೋಟದ ಬಗೆಗಳು, ಇಂಗ್ಲಿಷಿನ ಪದಗಳು

ಕೇಳುಗರಿಗೆ ನಮಸ್ಕಾರ.

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದಿ, ಕಾಲೇಜಿಗೆ ಬಂದಾಗ ದಪ್ಪನೆಯ ಇಂಗ್ಲಿಷ್ ಪಠ್ಯಗಳನ್ನು ಎದುರಿಸಬೇಕಾದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ಕಥೆಯೊಂದನ್ನು ಓದುವಾಗ ಸೀ, ಲುಕ್, ವಾಚ್, ಗ್ಲಾನ್ಸ್, ಗ್ಲಿಂಪ್ಸ್, ಗೇಜ್, ಸ್ಟೇರ್, ಗ್ಲೇರ್, ಪಿಯರ್, ಪೀಪ್ ಎಂಬ ಪದಗಳು ಒಂದರ ಹಿಂದೊಂದು ಬರುತ್ತವೆ. ವಿದ್ಯಾರ್ಥಿ ಪ್ರತಿಯೊಂದರ ಮೇಲೂ ಪೆನ್ಸಿಲ್ಲಿನಿಂದ ‘ನೋಡು’ ಎಂದು ಬರೆದುಕೊಳ್ಳುತ್ತಾನೆ. ಅಲ್ಲಿಗೆ ಕಥೆಯ ಅರ್ಧ ಸತ್ವ ಹೋದಂತೆಯೇ, ಏಕೆಂದರೆ ಯಾರು ಯಾರನ್ನು ಯಾವ ಬಗೆಯಲ್ಲಿ ನೋಡಿದರು ಎಂಬುದರಲ್ಲಿಯೇ ಅನೇಕ ವೇಳೆ ಪಾತ್ರದ ಮನಸ್ಸು ಅಡಗಿರುತ್ತದೆ.

ಮೊದಲನೆಯ ಭೇದವನ್ನು ನಮ್ಮ ಭಾಷೆಯೇ ನಮಗೆ ಕಲಿಸಿದೆ. ‘ನನಗೆ ಕೋಟೆ ಕಾಣುತ್ತದೆ’ ಎನ್ನುತ್ತೇವೆ, ‘ನಾನು ಕೋಟೆ ನೋಡುತ್ತೇನೆ’ ಎನ್ನುತ್ತೇವೆ. ಕಾಣುವುದಕ್ಕೆ ನನ್ನ ಪ್ರಯತ್ನ ಬೇಕಿಲ್ಲವಾದ್ದರಿಂದ ಅಲ್ಲಿ ‘ನನಗೆ’ ಎಂಬ ಚತುರ್ಥಿ ವಿಭಕ್ತಿ. ನೋಡುವುದು ನಾನು ಮನಸ್ಸಿಟ್ಟು ಮಾಡುವ ಕೆಲಸವಾದ್ದರಿಂದ ಇಲ್ಲಿ ‘ನಾನು’. ಇಂಗ್ಲಿಷಿನಲ್ಲಿ ಕರ್ತೃಪದ ಎರಡೂ ಕಡೆ ‘ಐ’ ಎಂದೇ ಇರುತ್ತದೆ, ಬದಲಾಗುವುದು ಕ್ರಿಯಾಪದ ಮಾತ್ರ: ಕಾಣುವುದಕ್ಕೆ ಸೀ, ನೋಡುವುದಕ್ಕೆ ಲುಕ್. ಕಣ್ಣಿಗೆ ತಾನಾಗಿ ಬೀಳುವುದನ್ನು ಹೇಳುವಾಗ ‘ಐ ಆ್ಯಮ್ ಸೀಯಿಂಗ್ ದ ಫೋರ್ಟ್’ ಎಂಬುದು ಸಾಮಾನ್ಯವಾಗಿ ಸಲ್ಲುವುದಿಲ್ಲ. ‘ಐ ಆ್ಯಮ್ ಲುಕಿಂಗ್ ಅಟ್ ದ ಫೋರ್ಟ್’ ಎಂಬುದು ಸಲ್ಲುತ್ತದೆ. ಇನ್ನೊಂದು ಹೊಂದಿಕೆಯೂ ಇದೆ. ಭೇಟಿಯಾಗುವ ಅರ್ಥದಲ್ಲಿ ಅವರು ‘ಸೀ ಎ ಡಾಕ್ಟರ್’ ಎನ್ನುತ್ತಾರೆ, ನಾವೂ ಡಾಕ್ಟರರನ್ನು ಕಂಡು ಬರುತ್ತೇವೆ.

ವಾಚ್ ಎಂಬ ಪದದ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಇದು ಎಚ್ಚರವಾಗಿರುವುದು ಎಂಬ ಅರ್ಥದ ವೇಕ್ ಎಂಬ ಪದದ ಒಡಹುಟ್ಟು. ನಿದ್ದೆಗೆಟ್ಟು ಎಚ್ಚರವಾಗಿರುವವನು ಕಾವಲುಗಾರನಾದ, ಕಾವಲುಗಾರನ ನೋಟ ವಾಚ್ ಆಯಿತು. ನಮ್ಮ ಕಡೆ ಜೋಳ ತೆನೆಗಟ್ಟಿ ಹಾಲು ತುಂಬಿದಾಗ ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ನಿಂತು ಹಕ್ಕಿ ಕಾಯುವವನು ಮಾಡುವುದು ನಿಜವಾದ ಅರ್ಥದಲ್ಲಿ ವಾಚ್. ಆತ ಹೊಲದ ಅಂದವನ್ನು ನೋಡುತ್ತಿಲ್ಲ; ಮುಂದೆ ಏನಾಗುವುದೋ ಎಂದು ಕಣ್ಣಿಟ್ಟಿದ್ದಾನೆ. ಆದುದರಿಂದಲೇ ಚಲಿಸುವ, ಬದಲಾಗುವ, ಮುಂದುವರಿಯುವ ಸಂಗತಿಗಳಿಗೆ ಈ ಪದ ಒಗ್ಗುತ್ತದೆ: ಪಂದ್ಯವನ್ನು ವಾಚ್ ಮಾಡುತ್ತಾರೆ, ಗೋಡೆಗೆ ತೂಗುಹಾಕಿದ ಚಿತ್ರಕ್ಕೆ ಲುಕ್ ಅಟ್ ಸಾಕು.

ಗ್ಲಾನ್ಸ್ ಮತ್ತು ಗ್ಲಿಂಪ್ಸ್ ಎರಡೂ ಕ್ಷಣಮಾತ್ರದ ನೋಟಗಳಾದ್ದರಿಂದ ಓದುಗರು ಇವುಗಳನ್ನು ಒಂದೇ ಎಂದು ತಿಳಿಯುತ್ತಾರೆ. ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಎಳೆಯುವಾಗ, ಮುಂದಿನವರ ತಲೆಗಳ ನಡುವೆ ಕಳಸ ಒಮ್ಮೆ ಮಿಂಚಿ ಮರೆಯಾದರೆ, ನಮಗೆ ದೊರೆತದ್ದು ಗ್ಲಿಂಪ್ಸ್. ಅದೇ ಗದ್ದಲದಲ್ಲಿ ಹೊತ್ತೆಷ್ಟಾಯಿತೆಂದು ಕೈಗಡಿಯಾರದ ಮೇಲೆ ಕಣ್ಣು ಹಾಯಿಸಿದರೆ ಅದು ಗ್ಲಾನ್ಸ್. ಒಂದು ದಕ್ಕುವುದು, ಇನ್ನೊಂದು ನಾವಾಗಿ ಮಾಡುವುದು. ಕಾಣು ಮತ್ತು ನೋಡುಗಳ ಭೇದವೇ ಇಲ್ಲಿಯೂ ಇದೆ. ಗ್ಲಾನ್ಸ್ ಮೊದಲು ಕಣ್ಣಿಗೆ ಸಂಬಂಧಿಸಿದ ಪದವೇ ಆಗಿರಲಿಲ್ಲ, ಗುರಿಗೆ ನೇರವಾಗಿ ನಾಟದೆ ಓರೆಯಾಗಿ ಜಾರಿಹೋಗುವ ಆಯುಧದ ಏಟಿಗೆ ಹಾಗೆನ್ನುತ್ತಿದ್ದರು. ಗ್ಲೇರ್ ಎಂದರೆ ಮೊದಲು ಕಣ್ಣು ಕುಕ್ಕುವಂತೆ ಹೊಳೆಯುವುದು. ಸಿಟ್ಟಿನಿಂದ ಕೆಕ್ಕರಿಸುವುದು ಎಂಬ ಅರ್ಥ ಅನಂತರ ಬಂತು. ಗ್ಲಿಟರ್, ಗ್ಲೋ, ಗ್ಲೀಮ್ ಎಂಬ ಹೊಳಪಿನ ಪದಗಳಲ್ಲಿಯೂ ಇದೇ ‘ಗ್ಲ’ ಇದೆ. ಹೀಗೆ ಧ್ವನಿಯ ತುಣುಕೊಂದು ಅರ್ಥದ ಛಾಯೆಯನ್ನು ಹೊತ್ತು ಹಲವು ಪದಗಳಲ್ಲಿ ಕಾಣಿಸಿಕೊಳ್ಳುವುದಕ್ಕೆ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ ಫೋನೆಸ್ಥೀಮ್ ಎಂದು ಹೆಸರಿಟ್ಟರು.

ಉಳಿದವುಗಳಲ್ಲಿ ಸ್ಟೇರ್ ಮತ್ತು ಗೇಜ್ ಎರಡೂ ಎವೆಯಿಕ್ಕದ ನೋಟಗಳೇ. ಬೀದರದಲ್ಲಿ 1472ರಲ್ಲಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾದ ಮಿನಾರಿನ ಮೇಲಿನ ಬಣ್ಣದ ಹೆಂಚುಗಳನ್ನು ಮೈಮರೆತು ನೋಡುವುದು ಗೇಜ್. ಬಸ್ಸಿನಲ್ಲಿ ಎದುರಿಗೆ ಕುಳಿತ ಅಪರಿಚಿತರನ್ನು ದಿಟ್ಟಿಸಿ ಮುಜುಗರಪಡಿಸುವುದು ಸ್ಟೇರ್. ಭೀಮಾ ತೀರದ ಕನಗನಹಳ್ಳಿಯಲ್ಲಿ ಅಶೋಕನ ಉಬ್ಬುಚಿತ್ರದ ಮೇಲಿರುವ ಬ್ರಾಹ್ಮಿ ಅಕ್ಷರಗಳನ್ನು ಗುರುತಿಸಲು ಕಣ್ಣು ಕಿರಿದು ಮಾಡಿ ಬಾಗುವುದು ಪಿಯರ್. ಪೀಪ್ ಎಂದರೆ ನಾವು ಬಾಗಿಲ ಸಂದಿನಿಂದ ಹಣಕಿ ನೋಡುವುದು.

ಇಷ್ಟು ಪದಗಳು ಅವರಲ್ಲಿವೆ, ನಮ್ಮಲ್ಲಿಲ್ಲ ಎಂದು ಕೊರಗುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ದಿಟ್ಟಿಸು, ನಿರುಕಿಸು, ಇಣುಕು, ಹಣಕು, ಕೆಕ್ಕರಿಸು ನಮ್ಮಲ್ಲಿ ಇದ್ದೇ ಇವೆ. ಅದಕ್ಕಿಂತ ಮುಖ್ಯವಾಗಿ, ಇಂಗ್ಲಿಷ್ ಒಂದು ಕ್ರಿಯಾಪದದೊಳಗೆ ತುಂಬುವುದನ್ನು ಕನ್ನಡ ‘ನೋಡು’ ಎಂಬುದನ್ನು ಹಾಗೆಯೇ ಇಟ್ಟು ಅದರ ಹಿಂದೆ ಜೋಡಿಸುತ್ತದೆ: ಪಿಳಿಪಿಳಿ ನೋಡಿದ, ಮಿಕಿಮಿಕಿ ನೋಡಿದ, ದುರುಗುಟ್ಟಿ ನೋಡಿದ, ಕಣ್ತುಂಬ ನೋಡಿದ. ‘ಮಿಕಿಮಿಕಿ’ಯಲ್ಲಿರುವ ಅಸಹಾಯಕತೆಯನ್ನು ಹೇಳಬಲ್ಲ ಒಂದೇ ಪದ ಇಂಗ್ಲಿಷಿನಲ್ಲಿ ನನಗೆ ದೊರೆತಿಲ್ಲ. ಆದ್ದರಿಂದ ಇಂಗ್ಲಿಷಿನ ನೋಟದ ಪದ ಎದುರಾದಾಗ, ನೋಟ ಎಷ್ಟು ಹೊತ್ತಿನದು, ಬೇಕೆಂದು ನೋಡಿದ್ದೋ ತಾನಾಗಿ ಕಂಡದ್ದೋ, ಅದರ ಹಿಂದಿನ ಭಾವ ಯಾವುದು ಎಂದು ವಿಚಾರಿಸಿ, ಹೊಂದುವ ವಿಶೇಷಣವನ್ನು ಸೇರಿಸಿ ಪೂರ್ತಿ ಬರೆದುಕೊಳ್ಳಬೇಕೆಂದು ವಿದ್ಯಾರ್ಥಿಗಳಿಗೆ ಒತ್ತಿ ಹೇಳುತ್ತೇನೆ.

ಲ್ಯಾಟಿನ್ನಿನಿಂದ ಬಂದ ಪದಗಳ ದಾರಿ ಬೇರೆ. ಅಲ್ಲಿ ನೋಡು ಎಂಬ ಅರ್ಥದ ಧಾತು ‘ಸ್ಪೆಕ್’. ಇನ್‌ಸ್ಪೆಕ್ಟ್ ಎಂದರೆ ಒಳಗೆ ನೋಡುವುದು, ರೆಸ್ಪೆಕ್ಟ್ ಮೂಲದಲ್ಲಿ ಹಿಂತಿರುಗಿ ನೋಡುವುದು, ಸಸ್ಪೆಕ್ಟ್ ಕೆಳಗಿನಿಂದ ಕಣ್ಣೆತ್ತಿ ನೋಡುವುದು, ಎಕ್ಸ್‌ಪೆಕ್ಟ್ ಹೊರಗೆ ಕಣ್ಣು ನೆಟ್ಟು ಕಾಯುವುದು. ಸಂಸ್ಕೃತದ ‘ಸ್ಪಶ್’ ಈ ಧಾತುವಿನ ದಾಯಾದಿ, ಅದರಿಂದಲೇ ನಾವು ದಿನವೂ ಆಡುವ ‘ಸ್ಪಷ್ಟ’ ಎಂಬ ಮಾತು ಬಂದಿದೆ. ಈ ಗುಂಪಿನ ಪದಗಳನ್ನು ಮುಂದಿನ ಉಪಸರ್ಗವನ್ನು ಹಿಡಿದು ಒಟ್ಟಿಗೆ ಕಲಿಯಬಹುದು. ಗ್ಲಾನ್ಸ್, ಸ್ಟೇರ್, ಗೇಜ್‌ಗಳಿಗೆ ಆ ಉಪಾಯ ನಡೆಯುವುದಿಲ್ಲ. ಅವುಗಳನ್ನು ಕಥೆಯ ವಾಕ್ಯದೊಳಗೆ, ಯಾರು ಯಾರತ್ತ ನೋಡುತ್ತಿದ್ದಾರೆ ಎಂಬುದರ ಜೊತೆಗೇ ಓದಿ ತಿಳಿಯಬೇಕು.

ನಮಸ್ಕಾರ.