ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ

ಕೇಳುಗರಿಗೆಲ್ಲ ನಮಸ್ಕಾರ.

ಮಳೆಗಾಲ ಮುಗಿದರೆ ಸಾಕು, ಜೋಗದ ಕಡೆ, ತೀರ್ಥಹಳ್ಳಿ ಕಡೆ ಈಗ ಕ್ಯಾಂಪರ್ ವ್ಯಾನುಗಳು ಕಾಣಿಸುತ್ತವೆ. ಒಳಗೆ ಹಾಸಿಗೆ, ದೀಪ, ಫ್ಯಾನು, ಒಂದು ಪುಟ್ಟ ಫ್ರಿಜ್. ಇಂಥ ಗಾಡಿಯಲ್ಲಿ ಎಂಜಿನ್ನಿನ ಬ್ಯಾಟರಿ ಬೇರೆ, ಒಳಗಿನ ಸಂಸಾರ ನಡೆಸುವ ಬ್ಯಾಟರಿ ಬೇರೆ. ಈ ಎರಡನೆಯದಕ್ಕೆ ಮಡಚುವ ಸೋಲಾರ್ ಪ್ಯಾನೆಲ್ ಜೋಡಿಸುವ ಬಗ್ಗೆ ಇವತ್ತು ಮಾತಾಡೋಣ.

ಚಾವಣಿ ಮೇಲೇ ಪ್ಯಾನೆಲ್ ಕೂರಿಸಿದರೆ ಆಗಲ್ವಾ ಅಂತ ನೀವು ಕೇಳಬಹುದು. ಬಯಲುಸೀಮೆಯಲ್ಲಾದರೆ ಧಾರಾಳವಾಗಿ ಆಗುತ್ತದೆ. ಆದರೆ ಮಲೆನಾಡಿನಲ್ಲಿ ನಾವು ಗಾಡಿ ನಿಲ್ಲಿಸುವುದೇ ಹಲಸಿನ ಮರದ ಕೆಳಗೋ ಅಡಿಕೆ ತೋಟದ ಅಂಚಿಗೋ. ಪ್ಯಾನೆಲ್ಲಿನ ಸೆಲ್‌ಗಳು ಒಂದಕ್ಕೊಂದು ಸಾಲಾಗಿ ಸೇರಿಕೊಂಡಿರುತ್ತವೆ. ಒಂದು ಅಡಿಕೆ ಸೋಗೆಯ ನೆರಳು ಕೆಲವು ಸೆಲ್‌ಗಳ ಮೇಲೆ ಬಿದ್ದರೂ ಆ ಸಾಲಿನ ಕರೆಂಟೇ ಕುಸಿಯುತ್ತದೆ. ಹಾಗಾಗಿ ಗಾಡಿ ನೆರಳಲ್ಲಿ, ಪ್ಯಾನೆಲ್ ದೂರದ ಬಿಸಿಲಲ್ಲಿ, ನಡುವೆ ಉದ್ದದ ವಯರು. ನಾನು ಕಂಡಂತೆ ಜನ ಪ್ಯಾನೆಲ್ಲಿಗೆ ದುಡ್ಡು ಸುರಿಯುತ್ತಾರೆ, ವಯರಿನಲ್ಲಿ ಜಿಪುಣತನ ಮಾಡುತ್ತಾರೆ. ಚಾರ್ಜು ಸೋರಿಹೋಗುವುದು ಅಲ್ಲೇ.

ಲೆಕ್ಕ ನೋಡಿ. 100 ವ್ಯಾಟಿನ ಪ್ಯಾನೆಲ್ ಮೇಲೆ 12 ವೋಲ್ಟ್ ಅಂತ ಬರೆದಿದ್ದರೂ ಅದು ಕೆಲಸ ಮಾಡುವುದು 18 ವೋಲ್ಟಿನ ಆಸುಪಾಸಿನಲ್ಲಿ. ಕರೆಂಟು ಸುಮಾರು ಐದೂವರೆ ಆಂಪಿಯರ್. ಸುಮ್ನೆ ನೇರವಾಗಿ ಬ್ಯಾಟರಿಗೆ ಸಿಕ್ಕಿಸಿಬಿಟ್ಟರೆ ಬ್ಯಾಟರಿ ತುಂಬಿದ ಮೇಲೂ ಚಾರ್ಜ್ ನುಗ್ಗುತ್ತಲೇ ಇರುತ್ತದೆ, ಬ್ಯಾಟರಿ ಹಾಳಾಗುತ್ತದೆ. ಅದಕ್ಕೇ ನಡುವೆ ಚಾರ್ಜ್ ಕಂಟ್ರೋಲರ್ ಬೇಕು. ಇನ್ನು ವಯರು. ಪ್ಯಾನೆಲ್ 10 ಮೀಟರ್ ದೂರದಲ್ಲಿದ್ದರೆ ಕರೆಂಟು ಹೋಗಿ ಬರುವ ದಾರಿ 20 ಮೀಟರ್. 1.5 ಸ್ಕ್ವೇರ್ ಎಂಎಂ ತಾಮ್ರದ ವಯರಾದರೆ ಸುಮಾರು 1.3 ವೋಲ್ಟ್ ದಾರಿಯಲ್ಲೇ ಖರ್ಚು. 4 ಸ್ಕ್ವೇರ್ ಎಂಎಂ ಆದರೆ ಅರ್ಧ ವೋಲ್ಟ್ ಅಷ್ಟೇ.

ಈಗ ಮುಖ್ಯವಾದದ್ದು. ಮಡಚುವ ಪ್ಯಾನೆಲ್‌ಗಳಲ್ಲಿ ಎಷ್ಟೋ ಸಲ ಕಂಟ್ರೋಲರ್ ಹಿಂಬದಿಯಲ್ಲೇ ಅಂಟಿಕೊಂಡು ಬರುತ್ತದೆ. ನೋಡಲು ಅನುಕೂಲ, ನಮ್ಮ ಉದ್ದದ ವಯರಿಗೆ ಮಾತ್ರ ಅನನುಕೂಲ. ಯಾಕೆ ಗೊತ್ತಾ? ಕಂಟ್ರೋಲರ್ ಅಳೆಯುವುದು ತನ್ನ ಬಾಯಲ್ಲಿರುವ ವೋಲ್ಟೇಜನ್ನು, ಬ್ಯಾಟರಿಯದನ್ನಲ್ಲ. ಅದಕ್ಕೆ 14.4 ವೋಲ್ಟ್ ಕಾಣುತ್ತದೆ, ಆಯ್ತು ತುಂಬುತ್ತಾ ಬಂತು ಅಂದುಕೊಂಡು ಕರೆಂಟು ಇಳಿಸಲು ಶುರುಮಾಡುತ್ತದೆ. ತೆಳು ವಯರಿನ ಆ ತುದಿಯಲ್ಲಿ ಬ್ಯಾಟರಿಗೆ ಸಿಕ್ಕಿರುವುದು 13ರ ಚಿಲ್ಲರೆ. ಸಂಜೆಯಾದರೂ ಬ್ಯಾಟರಿ ತುಂಬುವುದಿಲ್ಲ, ಬೈಗುಳ ಮಾತ್ರ ಪ್ಯಾನೆಲ್ಲಿಗೆ.

ಆದ್ದರಿಂದ ಕಂಟ್ರೋಲರನ್ನು ಗಾಡಿಯೊಳಗೆ, ಬ್ಯಾಟರಿಯಿಂದ ಒಂದು ಮೀಟರ್ ಒಳಗೇ ಕೂರಿಸಿ. ಆಗ ನಷ್ಟವೆಲ್ಲ 18 ವೋಲ್ಟಿನ ಬದಿಗೆ ಸರಿಯುತ್ತದೆ, ಅಲ್ಲಿ ಮೂರು ನಾಲ್ಕು ವೋಲ್ಟ್ ಹೆಚ್ಚುವರಿ ಇದ್ದೇ ಇರುತ್ತದೆ. ಪ್ಯಾನೆಲ್ ಹಿಂದಿನ ಕಂಟ್ರೋಲರನ್ನು ಬಿಚ್ಚಿ ತೆಗೆಯಬೇಕು, ಒಂದರ ಹಿಂದೆ ಒಂದು ಎರಡು ಕಂಟ್ರೋಲರ್ ಬೇಡ. ಚಾವಣಿ ಮೇಲೆ ಬೇರೆ ಪ್ಯಾನೆಲ್ ಇದ್ದರೆ ಅದಕ್ಕೆ ಅದರದೇ ಕಂಟ್ರೋಲರ್ ಇರಲಿ. ಎರಡೂ ಒಂದೇ ಬ್ಯಾಟರಿಗೆ ಬಂದು ಸೇರಿದರೆ ಜಗಳವಿಲ್ಲ.

ಕಂಟ್ರೋಲರಿನಲ್ಲಿ ಪಿಡಬ್ಲ್ಯುಎಂ, ಎಂಪಿಪಿಟಿ ಅಂತ ಎರಡು ಬಗೆ. ಮೊದಲನೆಯದು ಅಗ್ಗ, ಆದರೆ 100 ವ್ಯಾಟ್ ಪ್ಯಾನೆಲ್ಲಿನಿಂದ 70ರ ಆಸುಪಾಸು ಮಾತ್ರ ಕೊಡುತ್ತದೆ. ಎರಡನೆಯದು ಹೆಚ್ಚುವರಿ ವೋಲ್ಟೇಜನ್ನೂ ಕರೆಂಟಾಗಿ ಬದಲಿಸುತ್ತದೆ. ಬಿಸಿಲು ಕಡಿಮೆ ಸಿಗುವ ನಮ್ಮ ಕಡೆಗೆ ಎಂಪಿಪಿಟಿಯೇ ವಾಸಿ ಅಂತ ನನ್ನ ಅಭಿಪ್ರಾಯ. ಬ್ಯಾಟರಿ ಲೆಡ್ ಆಸಿಡ್ಡೋ ಲಿಥಿಯಂ ಅನ್ನುವುದನ್ನು ಕಂಟ್ರೋಲರಿನಲ್ಲಿ ಸರಿಯಾಗಿ ಸೆಟ್ ಮಾಡಿ.

ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಎಷ್ಟೋ ಕಂಟ್ರೋಲರ್‌ಗಳು ತಾವು 12 ವೋಲ್ಟಿನದಕ್ಕೆ ಸೇರಿದ್ದೇವೋ 24ರದಕ್ಕೋ ಅನ್ನುವುದನ್ನು ಬ್ಯಾಟರಿ ನೋಡಿಯೇ ತಿಳಿಯುತ್ತವೆ. ಬಿಚ್ಚುವಾಗ ಉಲ್ಟಾ, ಪ್ಯಾನೆಲ್ ಮೊದಲು. ಪ್ಲಸ್ ಮೈನಸ್ಸನ್ನು ವಯರಿನ ಬಣ್ಣ ನಂಬಿ ಸೇರಿಸಬೇಡಿ, ಮಲ್ಟಿಮೀಟರ್ ಹಿಡಿದು ನೋಡಿ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಒಂದು ಫ್ಯೂಸ್ ಇರಲೇಬೇಕು, 10 ಆಂಪಿಯರ್ ಕಂಟ್ರೋಲರಿಗೆ 15ರದು ಸಾಕು. ವಯರು ಉಜ್ಜಿ ಶಾರ್ಟ್ ಆದರೆ ಬೆಂಕಿ ಹಚ್ಚುವ ಶಕ್ತಿ ಇರುವುದು ಬ್ಯಾಟರಿಗೆ, ಪ್ಯಾನೆಲ್ಲಿಗಲ್ಲ.

ಡಿಸೆಂಬರಿನಲ್ಲಿ ನಮ್ಮ ಕಡೆ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಪ್ಯಾನೆಲ್ಲನ್ನು ನೆಲಕ್ಕೆ ಹಾಸದೆ ದಕ್ಷಿಣಕ್ಕೆ ಮುಖ ಮಾಡಿ 35 ಡಿಗ್ರಿಯಷ್ಟು ಎತ್ತಿ ನಿಲ್ಲಿಸಿ. ಹೊನ್ನೆಮರಡಿನಂಥ ಹಿನ್ನೀರಿನ ದಡ ಸಿಕ್ಕರೆ ಇಡೀ ದಿನ ಬಿಸಿಲು. ತೋಟದ ಪಕ್ಕವಾದರೆ ನೆರಳು ಸರಿದಂತೆ ಪ್ಯಾನೆಲ್ಲನ್ನೂ ಸರಿಸುತ್ತಿರಬೇಕು. ಮಂಗಗಳ ಮೇಲೂ ಒಂದು ಕಣ್ಣಿರಲಿ, ಅವಕ್ಕೆ ಹೊಳೆಯುವ ವಸ್ತು ಕಂಡರೆ ಕೂರಬೇಕು ಅನಿಸುತ್ತದೆ. ಇಷ್ಟೆಲ್ಲ ಮಾಡಿದರೆ ಒಳ್ಳೆ ದಿನದಲ್ಲಿ 300ರಿಂದ 400 ವ್ಯಾಟ್ ಅವರ್ ಸಿಗುತ್ತದೆ. ಅದರಲ್ಲಿ ಹೆಚ್ಚಿನ ಪಾಲನ್ನು ಫ್ರಿಜ್ ಒಂದೇ ನುಂಗುತ್ತದೆ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ ಸೀಮೆಗೆ ಹೊರಟವರು ಈ ಲೆಕ್ಕ ಮರೆತುಬಿಡಿ. ಗಾಡಿ ಓಡುವಾಗ ಎಂಜಿನ್ನಿನ ಆಲ್ಟರ್ನೇಟರ್‌ನಿಂದಲೇ ಎರಡನೇ ಬ್ಯಾಟರಿ ತುಂಬಿಸಿಕೊಳ್ಳಿ, ಅದಕ್ಕೆಂದೇ ಡಿಸಿ ಟು ಡಿಸಿ ಚಾರ್ಜರ್ ಸಿಗುತ್ತದೆ. ಪ್ಯಾನೆಲ್ ಮನೆಯಲ್ಲಿರಲಿ. ಆ ಜಾಗದಲ್ಲಿ ಇನ್ನೆರಡು ಜೊತೆ ಒಣ ಬಟ್ಟೆ ಇಡಬಹುದು. ನಮಸ್ಕಾರ.