ಚಿಪ್ ಮಾರಿದ ಹಣ, ಪೇಟೆಂಟ್ ತಂದ ಹಣ

ಕೇಳುಗರಿಗೆ ನಮಸ್ಕಾರ.

ಕ್ವಾಲ್ಕಾಮ್ ಎಂದೊಡನೆ ನೆನಪಾಗುವುದು ಸ್ನಾಪ್‌ಡ್ರಾಗನ್ ಚಿಪ್. ಆದರೆ 1985ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಈ ಕಂಪನಿಗೆ ಸಂಪಾದನೆ ಎರಡು ಬಗೆಯದು. ಸ್ವಂತ ಹೊಲವನ್ನು ಉಳುತ್ತಲೇ ಉಳಿದ ಜಮೀನಿಗೆ ಗೇಣಿ ಪಡೆಯುವವರ ಹಾಗೆ, ಅದು ಚಿಪ್ಪನ್ನೂ ಮಾರುತ್ತದೆ, ಮೊಬೈಲ್ ಸಂಪರ್ಕದ ಪೇಟೆಂಟ್‌ಗಳಿಗೆ ರಾಯಲ್ಟಿಯನ್ನೂ ಪಡೆಯುತ್ತದೆ.

ಎಷ್ಟು ಚಿಪ್ ಮಾರಾಟವಾಯಿತೋ ಅಷ್ಟಕ್ಕೇ ರಾಯಲ್ಟಿ ಎಂದು ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಪ್ರತಿಸ್ಪರ್ಧಿ ಕಂಪನಿ ಮೀಡಿಯಾಟೆಕ್‌ನ ಚಿಪ್ ಇರುವ ಫೋನಿಗೂ ತಯಾರಕರು ಕ್ವಾಲ್ಕಾಮ್‌ಗೆ ರಾಯಲ್ಟಿ ಕಟ್ಟುತ್ತಾರೆ. ಹಾಗಾಗಿ ಇಲ್ಲಿ ಎಣಿಸಬೇಕಾದದ್ದು ಫೋನ್‌ಗಳನ್ನು.

5ಜಿಯಲ್ಲೂ ಹಳೆಯ ಜಾಲಗಳಲ್ಲೂ ನಡೆಯುವ ಫೋನಿಗೆ, ಸಂಪರ್ಕದ ಮಾನದಂಡಕ್ಕೆ ಅನಿವಾರ್ಯವಾದ ಪೇಟೆಂಟ್‌ಗಳ ಬಾಬ್ತು ಕಂಪನಿ ಪ್ರಕಟಿಸಿರುವ ದರ ಶೇ 3.25. ಅದನ್ನು ತಯಾರಕರ ನಿವ್ವಳ ಮಾರಾಟ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಆ ಬೆಲೆಗೂ 400 ಡಾಲರಿನ ಮಿತಿಯಿದೆ. ಆದ್ದರಿಂದ ಸಾವಿರ ಡಾಲರಿನ ಫೋನಿನಿಂದಲೂ ಸಿಗುವುದು ಹೆಚ್ಚೆಂದರೆ 13 ಡಾಲರ್. 120 ಡಾಲರಿನ ಫೋನಿನಿಂದ ನಾಲ್ಕೂ ಸಿಗದು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 120 ಕೋಟಿ ಸ್ಮಾರ್ಟ್‌ಫೋನ್ ಮಾರಾಟವಾಗುತ್ತವೆ. ಎಲ್ಲಕ್ಕೂ 13 ಹಿಡಿದರೆ 1,560 ಕೋಟಿ ಡಾಲರ್! ನಿಜವಾಗಿ 2024ರ ಹಣಕಾಸು ವರ್ಷದಲ್ಲಿ ಪೇಟೆಂಟ್ ವಿಭಾಗಕ್ಕೆ ಬಂದದ್ದು ಸುಮಾರು 557 ಕೋಟಿ. ಫೋನಿಗೆ ನಾಲ್ಕೂವರೆ ಡಾಲರಿನ ಆಸುಪಾಸು. ಅಗ್ಗದ ಫೋನ್‌ಗಳೇ ಹೆಚ್ಚು, ಮೇಲಾಗಿ ಒಪ್ಪಂದಗಳಲ್ಲಿ ಚೌಕಾಸಿಯೂ ಉಂಟು.

ಅದೇ ವರ್ಷ ಚಿಪ್ ವಿಭಾಗದ ವರಮಾನ ಸುಮಾರು 3,320 ಕೋಟಿ ಡಾಲರ್. ಅದರ ಮುಂದೆ ರಾಯಲ್ಟಿ ಆರರಲ್ಲಿ ಒಂದು ಪಾಲು ಅಷ್ಟೇ. ಇಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದೇ ಕೈತಪ್ಪುತ್ತದೆ. ತೆರಿಗೆಗೆ ಮುಂಚಿನ ಲಾಭ ಚಿಪ್ಪಿನಲ್ಲಿ ನೂರಕ್ಕೆ 29ರಷ್ಟಾದರೆ, ರಾಯಲ್ಟಿಯಲ್ಲಿ 72ರಷ್ಟು. ಚಿಪ್ ತಯಾರಿಸಿ ಕೊಡುವ ಕಾರ್ಖಾನೆಗೆ ಪ್ರತಿ ಬಾರಿಯೂ ಹಣ ತೆರಬೇಕು. ಪೇಟೆಂಟಿನ ಹಿಂದಿನ ಸಂಶೋಧನೆಯ ಖರ್ಚು ಬಹುಪಾಲು ಎಂದೋ ಆಗಿಹೋಗಿರುತ್ತದೆ. ಹೀಗಾಗಿ ಎರಡೂ ವಿಭಾಗಗಳ ಒಟ್ಟು ಲಾಭದಲ್ಲಿ ರಾಯಲ್ಟಿಯದು ಶೇ 30ರ ಹತ್ತಿರ.

ಅಪರೂಪಕ್ಕೆ ಬರುವ ದೊಡ್ಡ ಮೊತ್ತವನ್ನು ಬೇರೆಯಾಗಿಯೇ ಇಡಬೇಕು. 2019ರಲ್ಲಿ ಆಪಲ್ ಜೊತೆಗಿನ ವ್ಯಾಜ್ಯ ಇತ್ಯರ್ಥವಾದಾಗ ಒಂದೇ ತ್ರೈಮಾಸಿಕಕ್ಕೆ ಸುಮಾರು 470 ಕೋಟಿ ಡಾಲರ್ ಸೇರಿತು. ಅದನ್ನು ಸರಾಸರಿಗೆ ಬೆರೆಸಿದರೆ ಮುಂದಿನ ಅಂದಾಜೆಲ್ಲ ಹಾಳು.

ಈಗ ಅದೇ ಆಪಲ್ 2025ರ ಐಫೋನ್ 16ಇಯಿಂದ ಸ್ವಂತ ಮೋಡೆಮ್, ಅಂದರೆ ಫೋನನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಚಿಪ್, ಬಳಸಲು ಆರಂಭಿಸಿದೆ. ಅಂಥ ಪ್ರತಿ ಫೋನಿನಿಂದ ಕ್ವಾಲ್ಕಾಮ್‌ನ ಚಿಪ್ ಮಾರಾಟದ ಲೆಕ್ಕದಲ್ಲಿ ಒಂದು ಮೋಡೆಮ್ ಕಡಿಮೆಯಾಗುತ್ತದೆ. ರಾಯಲ್ಟಿಯ ಲೆಕ್ಕದಲ್ಲಿ ಆ ಫೋನ್ ಹಾಗೆಯೇ ಇರುತ್ತದೆ, ಏಕೆಂದರೆ ಆಪಲ್‌ನ ಪೇಟೆಂಟ್ ಒಪ್ಪಂದ 2027ರ ಮಾರ್ಚ್‌ವರೆಗೆ ವಿಸ್ತರಣೆಯಾಗಿದೆ.